ಸುರಿಯುವ ಕೈ

ಹಾಲಿನ ಪಾಕೀಟಿನ ಮೂಲೆಯನ್ನು ಎಷ್ಟು ಕತ್ತರಿಸಬೇಕು ಎಂಬುದು ಕೇಳುವುದಕ್ಕೆ ಕ್ಷುಲ್ಲಕ ಪ್ರಶ್ನೆ; ಆದರೆ ಗೃಹಿಣಿಯೊಬ್ಬಳ ಬೆಳಗಿನ ಮನಶ್ಶಾಂತಿ ಬಹುಪಾಲು ನಿಂತಿರುವುದು ಅದರ ಮೇಲೆಯೇ. ತುಸು ಹೆಚ್ಚು ಕತ್ತರಿಸಿದರೆ ಹಾಲು ಒಮ್ಮೆಲೇ ಧುಮುಕಿ ಒಲೆಗೆ ಕ್ಷೀರಾಭಿಷೇಕವಾಗುತ್ತದೆ. ಕಡಿಮೆ ಕತ್ತರಿಸಿದರೆ ನೂಲಿನ ಎಳೆಯಂತೆ ಇಳಿಯುತ್ತ, ಪೇಪರ್ ಬಂದು, ಯಜಮಾನರು ಅದನ್ನು ಅರ್ಧ ಓದಿ, ‘ಕಾಫಿ ಏನಾಯ್ತು?’ ಎಂದು ಕೆಮ್ಮಿದರೂ ಪಾಕೀಟು ಖಾಲಿಯಾಗಿರುವುದಿಲ್ಲ. ಸಾಲದ್ದಕ್ಕೆ, ಕತ್ತರಿಸಿದ ಮೂಲೆಯ ಚೂರು ಪೂರ್ತಿ ಬೇರ್ಪಡದೆ ಪಾಕೀಟಿಗೇ ಜೋತುಬಿದ್ದಿರಬೇಕು, ಇಲ್ಲವಾದರೆ ಮಾರನೆಯ ದಿನ ಅದು ಮೊಸರಿನಲ್ಲಿ ಪ್ರತ್ಯಕ್ಷವಾಗುತ್ತದೆ. ಇಪ್ಪತ್ತಾರು ವರ್ಷಗಳ ಸಾಧನೆಯಿಂದ ಈ ವಿದ್ಯೆಯಲ್ಲಿ ನಾನು ಸಿದ್ಧಿ ಪಡೆದಿದ್ದೇನೆಂದು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತೇನೆ. ಹೇಳಿಕೊಳ್ಳುವಂಥ ಬೇರೆ ಸಿದ್ಧಿಗಳು ಹೆಚ್ಚಿಲ್ಲವಾದ್ದರಿಂದ ನೀವು ಮನ್ನಿಸಬೇಕು.

ಮೊನ್ನೆ ಮಾರ್ಚಿನ ಆ ಬೆಳಿಗ್ಗೆಯೂ ಹೀಗೆಯೇ ಆರಂಭವಾಯಿತು. ಹಾಲು ಸುರಿದೆ, ಡಿಕಾಕ್ಷನ್ ಸುರಿದೆ, ಕಾವಲಿಯ ಮೇಲೆ ದೋಸೆಹಿಟ್ಟು ಸುರಿದೆ, ಅತ್ತೆಯವರ ಸ್ನಾನಕ್ಕೆ ಬಿಸಿನೀರು ತೋಡಿ ಸುರಿದೆ. ಯೋಚಿಸಿದರೆ ಹೆಂಗಸಿನ ದಿನಚರಿಯೆಂದರೆ ಒಂದು ಪಾತ್ರೆಯಿಂದ ಇನ್ನೊಂದು ಪಾತ್ರೆಗೆ ದ್ರವಪದಾರ್ಥಗಳ ಸ್ಥಳಾಂತರ ಕಾರ್ಯವೇ ಸರಿ. ಇಷ್ಟು ಸುರಿದರೂ ಸುರಿಯುವುದು ನೋಡತಕ್ಕ ದೃಶ್ಯ, ಅದರ ಫೋಟೋ ತೆಗೆಯಬಹುದು, ಆ ಫೋಟೋದ ಮೇಲೆ ಒಬ್ಬರ ಬದುಕಿನ ಆಸೆ ನಿಲ್ಲಬಹುದು ಎಂದು ನನಗೆ ಯಾವತ್ತೂ ಹೊಳೆದಿರಲಿಲ್ಲ. ಅಂದು ಹೊಳೆಯಲೇಬೇಕಾದ ಸಂದರ್ಭ ಬಂತು. ಮಧ್ಯಾಹ್ನ ಎರಡು ಗಂಟೆಯೊಳಗೆ, ಲೋಟಕ್ಕೆ ಶರಬತ್ತು ಸುರಿಯುತ್ತಿರುವ ಒಂದು ಚಿತ್ರವನ್ನು ನಾನು ಭದ್ರಾವತಿಯ ಫ್ಲೆಕ್ಸ್ ಅಂಗಡಿಗೆ ಕಳಿಸಬೇಕಿತ್ತು. ಸೆಲ್ವಿಗೆ ಮಾತು ಕೊಟ್ಟಿದ್ದೆ.

ಸೆಲ್ವಿ ಯಾರೆಂದು ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ನನ್ನ ತಂದೆ ಅಲ್ಲಿ ಗುಮಾಸ್ತರು. ಎರಡು ಸಾಲು ಆಚೆ ಇದ್ದ ಸೆಲ್ವಿಯ ತಂದೆ ಕುಲುಮೆಯ ಮುಂದೆ ನಿಲ್ಲುತ್ತಿದ್ದವರು. ಮನೆಯಲ್ಲಿ ಅವಳದು ತಮಿಳು, ನನ್ನದು ಕನ್ನಡ, ಕಾನ್ವೆಂಟಿನಲ್ಲಿ ಇಬ್ಬರದೂ ತಪ್ಪು ಇಂಗ್ಲಿಷು. ಒಂದೇ ಬೆಂಚು, ಒಂದೇ ಬುತ್ತಿ. ಅವಳ ಮದುವೆಯಾಯಿತು, ನನ್ನದಾಯಿತು. ನಾನು ಹದಿನೆಂಟು ಕಿಲೋಮೀಟರು ದೂರದ ಶಿವಮೊಗ್ಗಕ್ಕೆ ಬಂದು ರಾಗಿಗುಡ್ಡದ ಬಡಾವಣೆಯಲ್ಲಿ ಗೃಹಿಣಿಯಾದೆ, ಅವಳು ಇಪ್ಪತ್ತು ವರ್ಷ ಬೇರೆಯವರ ಕ್ಯಾಂಟೀನಿನಲ್ಲಿ ವಡೆ ಕರಿದಳು. ಈಗ ಐವತ್ತರ ಹೊಸ್ತಿಲಲ್ಲಿ, ಹಳೆಯ ಕ್ವಾರ್ಟರ್ಸಿನ ತಿರುವಿನಲ್ಲಿ, ಮೊದಲ ಬಾರಿಗೆ ತನ್ನದೇ ಒಂದು ಅಂಗಡಿ ತೆರೆಯುತ್ತಿದ್ದಳು. ಮಾರುವುದು ಒಂದೇ ಪಾನೀಯ: ಸೊಗದೆ ಬೇರಿನ ಶರಬತ್ತು, ಅವಳ ಮನೆಮಾತಿನಲ್ಲಿ ನನ್ನಾರಿ. ಎತ್ತರದ ಸ್ಟೂಲು ನಾಲ್ಕು, ಮಡಕೆ ನೀರು, ನಿಂಬೆಹಣ್ಣು, ಅವಳ ಅಜ್ಜಿಯಿಂದ ಬಂದ ಪಾಕ. ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ಪೂಜೆ.

ಎರಡು ದಿನ ಮೊದಲು ಫೋನ್ ಮಾಡಿದ್ದಳು.

“ಏ ಶೋಭಿ, ಬೋರ್ಡಿಗೆ ಅಂತ ಫ್ಲೆಕ್ಸ್ ಅಂಗಡೀಲಿ ಒಂದು ಫೋಟೋ ತೋರಿಸಿದ್ರು ಕಣೇ. ನೀಲಿ ಗ್ಲಾಸು, ಅದರ ಮೂತಿಗೆ ಕಿತ್ತಳೆ ಹಣ್ಣು, ಮೇಲೊಂದು ಪುಟಾಣಿ ಛತ್ರಿ. ಊರಲ್ಲಿರೋ ಎಲ್ಲಾ ಜ್ಯೂಸ್ ಅಂಗಡೀಲೂ ಅದೇ ಛತ್ರಿ. ನಾನು ಕಿತ್ತಳೆನೂ ಮಾರಲ್ಲ, ಛತ್ರಿನೂ ಮಾರಲ್ಲ. ನನ್ನ ಶರಬತ್ತು ಸುರಿಯೋ ಫೋಟೋನೇ ಬೇಕು. ನೀನು ತೆಗೆದುಕೊಡು. ನಿನ್ನ ಸ್ಟೇಟಸ್ ಫೋಟೋ ಎಲ್ಲಾ ಎಷ್ಟು ಚೆನ್ನಾಗಿರುತ್ತೆ!”

ನನ್ನ ಸ್ಟೇಟಸ್ ಫೋಟೋಗಳೆಂದರೆ ದಾಸವಾಳ, ಉಪ್ಪಿಟ್ಟು ಮತ್ತು ಹುಣ್ಣಿಮೆಯ ಚಂದ್ರ. ಚಂದ್ರ ಸಾಮಾನ್ಯವಾಗಿ ಬೀದಿದೀಪದಂತೆ ಬಂದಿರುತ್ತಾನೆ. ಆದರೂ ಹೊಗಳಿಕೆಗೆ ಮರುಳಾಗದ ಕಲಾವಿದರು ಯಾರಿದ್ದಾರೆ?

“ನೀನೇ ಸುರಿ. ನಾನು ಅಲ್ಲಿಗೇ ಬಂದು ತೆಗೀತೀನಿ” ಎಂದೆ.

“ಅಯ್ಯೋ, ನನ್ನ ಕೈ ನೋಡಿದೀಯಲ್ಲ, ಎಣ್ಣೆ ಸಿಡಿದೂ ಸಿಡಿದೂ ಚಿರತೆ ಚರ್ಮ ಆಗಿದೆ. ಅದನ್ನ ನೋಡಿದ್ರೆ ಜನ ಶರಬತ್ತು ಬಿಟ್ಟು ಬರ್ನಾಲ್ ತಂದುಕೊಡ್ತಾರೆ. ನಿನ್ನ ಕೈಯೇ ಇರ್ಲಿ, ಟೀಚರಮ್ಮನ ಕೈ ಥರ ಇದೆ. ಒಂದು ನಂಬಿಕೆ ಬರುತ್ತೆ ನೋಡಿದೋರಿಗೆ.”

ಹೀಗೆ ಛಾಯಾಗ್ರಾಹಕಿಯೂ ರೂಪದರ್ಶಿಯೂ ನಾನೇ ಆದೆ. ಪಾಕದ ಬಾಟಲು ಅಂದು ಬೆಳಗಿನ ಖಾಸಗಿ ಬಸ್ಸಿನಲ್ಲಿ, ಡ್ರೈವರಿನ ಸೀಟಿನ ಹಿಂದೆ ಕೂತು ಬಂತು. ಭದ್ರಾವತಿಗೂ ಶಿವಮೊಗ್ಗಕ್ಕೂ ನಡುವೆ ಮಲ್ಲಿಗೆ, ಔಷಧಿ, ಮರೆತುಹೋದ ಕನ್ನಡಕ, ಎಲ್ಲವೂ ಹೀಗೆಯೇ ಪ್ರಯಾಣ ಮಾಡುತ್ತವೆ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಬಾಟಲನ್ನು ಮಗುವಿನಂತೆ ಎತ್ತಿ ಕೊಡುತ್ತ, “ಏನಕ್ಕ ಇದು, ಹೊಳೆ ದಾಟೋತನಕ ಬಸ್ಸೆಲ್ಲ ಘಮ ಘಮ! ಮೂರು ಜನ ಕೇಳಿದ್ರು” ಎಂದ. ಶುಭಶಕುನವೆಂದುಕೊಂಡು ಆಟೋ ಹತ್ತಿದೆ.

ಈಗ ನಿಮಗೊಂದು ಗುಟ್ಟು. ಬಣ್ಣದ ಪಾನೀಯದ ಚಿತ್ರಕ್ಕೆ ಬೆಳಕು ಎದುರಿನಿಂದ ಬೀಳಬಾರದು, ಹಿಂದಿನಿಂದ ಹಾದು ಬರಬೇಕು. ಆಗಷ್ಟೇ ಕಷಾಯದಂತಿರುವುದು ಜೇನಿನಂತೆ ಬೆಳಗುತ್ತದೆ. ಇದನ್ನು ನಾನು ಯಾವ ಗ್ರಂಥದಿಂದಲೂ ಕಲಿತದ್ದಲ್ಲ, ಕಿಟಕಿಯ ಬಳಿ ತೊಳೆದಿಟ್ಟ ಎಣ್ಣೆ ಬಾಟಲುಗಳನ್ನು ನೋಡಿ ಕಲಿತದ್ದು. ನಮ್ಮ ಅಡುಗೆಮನೆಯ ಪೂರ್ವದ ಕಿಟಕಿಗೆ ಅಂಥ ಬೆಳಕು ಬೀಳುತ್ತದೆ, ಆದರೆ ಹತ್ತು ಗಂಟೆಯವರೆಗೆ ಮಾತ್ರ. ಆಮೇಲೆ ಸೂರ್ಯನು ಪಕ್ಕದ ಮನೆಯ ಗೌರಕ್ಕನ ತಾರಸಿಯ ಮೇಲಿರುವ ಕಪ್ಪು ನೀರಿನ ಟ್ಯಾಂಕಿನ ಹಿಂದೆ ಹೋಗಿ, ಹೊರಬರುವಷ್ಟರಲ್ಲಿ ನಮ್ಮ ಸಜ್ಜೆಯ ಮೇಲೇರಿಬಿಟ್ಟಿರುತ್ತಾನೆ. ನಾನು ಮನೆ ಸೇರಿದಾಗ ಒಂಬತ್ತಾಗಿತ್ತು.

ಯಜಮಾನರು ಕಾಲೇಜಿಗೆ ಹೊರಟುಹೋಗಿದ್ದರು. ಉಳಿದವರು ಎಪ್ಪತ್ತೆಂಟರ ನನ್ನ ಅತ್ತೆ ಸಾವಿತ್ರಮ್ಮನವರು. ಇವರು ಹೊಳಲೂರಿನ ಸಂಸ್ಕೃತ ಪಂಡಿತರ ಮಗಳು. ಮಡಿಯಲ್ಲಿ ಕಟ್ಟುನಿಟ್ಟು, ಕುತೂಹಲದಲ್ಲಿ ಹದಿನೆಂಟು. ವಿಷಯ ಕೇಳಿದವರೇ ಜಪಮಣಿ ಕೆಳಗಿಟ್ಟು ಅಡುಗೆಮನೆಗೆ ಬಂದು, ನಾನು ತೆಗೆದಿಟ್ಟ ಗಾಜಿನ ಜಗ್ಗನ್ನು ನೋಡಿ ಮೂಗು ಮುರಿದರು.

“ಇದೇನಿದು, ಆಸ್ಪತ್ರೆ ಸಾಮಾನು ಇದ್ದಹಾಗಿದೆ. ನನ್ನ ತಂಬಿಗೆ ತಗೋ.”

ಅವರ ತಂಬಿಗೆಯೆಂದರೆ ಮದುವೆಯಲ್ಲಿ ತವರಿನಿಂದ ಬಂದ ಸ್ಟೀಲಿನ ತಂಬಿಗೆ. ಪಾತ್ರೆ ಅಂಗಡಿಯವರು ಚುಕ್ಕೆ ಚುಕ್ಕೆಯಾಗಿ ಕೊರೆದುಕೊಟ್ಟ ‘ಸಾವಿತ್ರಿ, ಹೊಳಲೂರು’ ಎಂಬ ಅಕ್ಷರಗಳು ಅದರ ಹೊಟ್ಟೆಯ ಮೇಲೆ ಇಂದಿಗೂ ಅಚ್ಚಳಿಯದೆ ಇವೆ. ಹೆಸರು ಕ್ಯಾಮೆರಾದ ಕಡೆಗೇ ಇರುವಂತೆ ತಂಬಿಗೆಯನ್ನು ತಿರುಗಿಸಿ ಕೊಟ್ಟಾಗ ಅತ್ತೆಯವರ ಮುಖದಲ್ಲಿ ಕಂಡ ವಿನಯವನ್ನು ವಿನಯವೆಂದು ನಾನು ನಂಬಲಾರೆ.

ನೀರು, ನಿಂಬೆಹುಳಿ, ಪಾಕ ಸೇರಿಸಿದ್ದಾಯಿತು. ಹಸಿರು ಅಂಚಿನ ಹತ್ತಿ ಸೀರೆ ಉಟ್ಟು ಕಿಟಕಿಯ ಬಳಿ ನಾನು ನಿಂತೆ. ಕತ್ತಿನಿಂದ ಸೊಂಟದವರೆಗೆ ಬಂದರೆ ಸಾಕು, ನಡುವೆ ತಂಬಿಗೆ, ಧಾರೆ, ಲೋಟ ಇರಬೇಕು ಎಂದು ವಿವರಿಸಿ ಫೋನನ್ನು ಅತ್ತೆಯ ಕೈಗಿತ್ತೆ. ಅವರ ಮೊದಲ ಚಿತ್ರದಲ್ಲಿ ಒಂದು ಹೆಬ್ಬೆರಳು ಭವ್ಯವಾಗಿ ಮೂಡಿಬಂದಿತ್ತು. ಎರಡನೆಯದರಲ್ಲಿ ಫ್ಯಾನು. ‘ಒಂದು, ಎರಡು, ಮೂರು ಎನ್ನಿ, ಮೂರಕ್ಕೆ ಒತ್ತಿ’ ಎಂದೆ. ಅವರು ‘ಮೂರು’ ಎಂದು, ಕನ್ನಡಕ ಸರಿಮಾಡಿಕೊಂಡು, ಬೆರಳನ್ನು ಸೆರಗಿಗೆ ಒರೆಸಿ ಒತ್ತುವಷ್ಟರಲ್ಲಿ ಸುರಿದು ಮುಗಿದಿರುತ್ತಿತ್ತು. ಸುರಿಯುವ ಮುನ್ನಿನ ಚಿತ್ರ ಬಂತು, ಸುರಿದ ಮೇಲಿನ ಚಿತ್ರ ಬಂತು. ಸುರಿಯುವ ಚಿತ್ರ ಮಾತ್ರ ಬರಲಿಲ್ಲ. ನಮ್ಮ ಬಹುತೇಕ ಆಲ್ಬಮ್ಮುಗಳ ಕಥೆಯೂ ಇಷ್ಟೇ ಅಲ್ಲವೇ?

ಆದರೆ ತಪ್ಪೆಲ್ಲ ಅವರದೆಂದರೆ ಅನ್ಯಾಯವಾದೀತು. ಅವರು ಸಮಯಕ್ಕೆ ಸರಿಯಾಗಿ ಒತ್ತಿದಾಗ ನನ್ನ ಧಾರೆ ಕೈಕೊಡುತ್ತಿತ್ತು. ಒಮ್ಮೆ ಅದು ತಂಬಿಗೆಯ ಹೊಟ್ಟೆಗೇ ಅಂಟಿಕೊಂಡು ಕೆಳಗಿಳಿಯಿತು, ಒಮ್ಮೆ ತೊದಲುವ ಮಾತಿನಂತೆ ತುಂಡು ತುಂಡಾಯಿತು, ಒಮ್ಮೆ ಲೋಟವನ್ನು ಪೂರ್ತಿ ಮರೆತು ಕಟ್ಟೆಯ ಮೇಲೆ ಹರಿಯಿತು. ಯಾರೂ ಬಾಯಿಗಿಡದ ಶರಬತ್ತನ್ನು ಮತ್ತೆ ತಂಬಿಗೆಗೆ ಹಾಕುವುದು, ಮತ್ತೆ ಸುರಿಯುವುದು. ಪ್ರತಿ ಸಲವೂ ಒಂದಿಷ್ಟು ಕಟ್ಟೆಗೆ ನೈವೇದ್ಯ. ಕಳಿಸಿದ್ದು ಒಂದೇ ಬಾಟಲು.

ಇದಕ್ಕೆ ಕಾರಣವುಂಟು. ನಾನು ಹುಟ್ಟಾ ಎಡಚಿ.

ಕಾನ್ವೆಂಟಿನಲ್ಲಿ ಇದರಿಂದ ನನಗೆ ತೊಂದರೆಯಾಗಲಿಲ್ಲ. ಎಡಗೈಯಲ್ಲಿ ಬರೆದರೆ ಸಿಸ್ಟರು ಏನೂ ಅನ್ನುತ್ತಿರಲಿಲ್ಲ, ಕಿರುಬೆರಳಿಗೆ ಮೆತ್ತಿದ ಶಾಯಿಯನ್ನು ತೊಳೆದು ಬಾ ಎನ್ನುತ್ತಿದ್ದರು ಅಷ್ಟೆ. ತೊಂದರೆಯಾದದ್ದು ಸೆಲ್ವಿಗೆ. ಅವಳ ಬಲ ಮೊಣಕೈಗೂ ನನ್ನ ಎಡ ಮೊಣಕೈಗೂ ಬೆಂಚಿನ ಮೇಲೆ ನಿತ್ಯ ಕಾಳಗವಾಗಿ ಅವಳ ಅಕ್ಷರಗಳು ಗೆರೆ ಬಿಟ್ಟು ಆಚೆ ಹೋಗುತ್ತಿದ್ದವು. ಒಂದು ದಿನ ಅವಳೇ ಎದ್ದು, ತನಗೆ ಪ್ರಿಯವಾಗಿದ್ದ ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟು, ನನ್ನ ಬಲಕ್ಕೆ ಬಂದು ಕೂತಳು. ಆಮೇಲೆ ನಮ್ಮ ಮೊಣಕೈಗಳು ಹತ್ತನೇ ತರಗತಿಯವರೆಗೆ ಶಾಂತಿಯಿಂದ ಬಾಳಿದವು.

ಮನೆಯಲ್ಲಿ ನಿಯಮ ಬೇರೆ. ಬರೆ, ಹೊಲಿ, ತರಕಾರಿ ಹೆಚ್ಚು, ಏನು ಬೇಕಾದರೂ ಎಡಗೈಯಲ್ಲಿ ಮಾಡು. ಆದರೆ ಉಣ್ಣುವುದು, ಕೊಡುವುದು, ತೆಗೆದುಕೊಳ್ಳುವುದು, ಬಡಿಸುವುದು ಬಲಗೈಯಲ್ಲಿ. ಹೀಗೆ ನನ್ನ ದೇಹದ ನಡುವೆ ಒಂದು ಗಡಿರೇಖೆ ಬಿತ್ತು. ಮಾಡುವ ಕೈ ಒಂದು, ಕೊಡುವ ಕೈ ಇನ್ನೊಂದು. ಮದುವೆಯಾದ ಹೊಸದರಲ್ಲಿ ಹೋಳಿಗೆ ಊಟದ ಪಂಕ್ತಿಯಲ್ಲಿ ನಾನು ಗಾಬರಿಯಿಂದ ಆ ಗಡಿಯನ್ನು ಮರೆತು, ಯಜಮಾನರ ದೊಡ್ಡಪ್ಪನವರಿಗೆ ಎಡಗೈಯಿಂದ ಮಜ್ಜಿಗೆ ಬಡಿಸಲು ಹೋದೆ. ಅವರು ಲೋಟದ ಬಾಯಿಯ ಮೇಲೆ ಅಂಗೈ ಮುಚ್ಚಿದರು. ಪಂಕ್ತಿ ಪೂರ್ತಿ ನನ್ನ ಕೈಯನ್ನೇ ನೋಡುತ್ತಿರುವಂತೆ ಅನಿಸಿತು. ಆಗ ಅತ್ತೆ ಎಲ್ಲಿಂದಲೋ ಬಂದು, “ಎಡಗೈ ಅಂತ ತಿಳ್ಕೋಬೇಡಿ ಭಾವಾ, ಮಗುವಿಗೆ ಅದೇ ರೂಢಿ” ಎಂದು ತಂಬಿಗೆ ಇಸಿದುಕೊಂಡು ತಾವೇ ಬಡಿಸಿದರು. ಬೈಯಲಿಲ್ಲ. ಮಾರನೆಯ ದಿನದಿಂದ ಹಿತ್ತಲಿಗೆ ಕರೆದೊಯ್ದು, ಬಲಗೈಗೆ ತಂಬಿಗೆ ಕೊಟ್ಟು, ದಾಸವಾಳದ ಬುಡಗಳಿಗೆ ನೀರು ಬಡಿಸುವ ಅಭ್ಯಾಸ ಮಾಡಿಸಿದರು. “ಗಿಡ ಅಂತ ಅಂದ್ಕೋಬೇಡ, ದೊಡ್ಡಪ್ಪ ಅಂದ್ಕೋ” ಎನ್ನುತ್ತಿದ್ದರು. ಆ ವರ್ಷ ದೊಡ್ಡಪ್ಪಂದಿರು ಸಮೃದ್ಧವಾಗಿ ಹೂ ಬಿಟ್ಟರು. ನನ್ನ ಬಲಗೈ ಮಾತ್ರ ಪಾಸಾಯಿತೇ ಹೊರತು ಮೊದಲ ದರ್ಜೆ ಬರಲಿಲ್ಲ.

ಗಂಟೆ ಹತ್ತಕ್ಕೆ ಐದು ನಿಮಿಷ. ಟ್ಯಾಂಕಿನ ನೆರಳು ಕಿಟಕಿಯ ಸರಳಿಗೆ ಬಂದು ತಾಗಿತ್ತು. ತಂಬಿಗೆಯಲ್ಲಿ ಉಳಿದದ್ದು ಒಂದು ಲೋಟದಷ್ಟು.

“ಇನ್ನೊಂದೇ ಸಲ ಶೋಭಾ. ನಾನು ಈ ಸಲ ಎರಡಕ್ಕೇ ಒತ್ತಿಬಿಡ್ತೀನಿ” ಎಂದರು ಅತ್ತೆ.

ಸುರಿದೆ. ಅಷ್ಟು ಹೊತ್ತು ಹೆದರಿಸುತ್ತಿದ್ದ ಶರಬತ್ತು ಆ ಕ್ಷಣದಲ್ಲಿ ರೇಷ್ಮೆದಾರದಂತೆ, ಒಂದಿಷ್ಟೂ ಅಲುಗದೆ, ಎತ್ತರದಿಂದ ಇಳಿದು ಲೋಟದ ತಳದಲ್ಲಿ ಸುರುಳಿ ಸುತ್ತಿ ಅಂಚಿನವರೆಗೆ ಏರಿತು. ಹಿಂದಿನಿಂದ ಕೊನೆಯ ಬಿಸಿಲು ಹಾದು ಇಡೀ ಧಾರೆಗೆ ದೀಪ ಹಚ್ಚಿದಂತಾಯಿತು. ಚಕ್ ಎಂದಿತು ಫೋನು. ಮರುಕ್ಷಣ ಟ್ಯಾಂಕು ಸೂರ್ಯನನ್ನು ನುಂಗಿತು.

ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದೆವು. ಸುರಿಯುವಾಗ ಕಣ್ಣಿಗೆ ಕಾಣುವುದು ಹರಿವು ಮಾತ್ರ. ಫೋಟೋದಲ್ಲಿ ಹರಿವೇ ಇಲ್ಲ, ತಂಬಿಗೆಗೂ ಲೋಟಕ್ಕೂ ನಡುವೆ ಜೇನಿನ ಬಣ್ಣದ ಗಾಜಿನ ಕಂಬವೊಂದು ನಿಂತಿದೆ. ಕೊಡುವ ಪಾತ್ರೆಯಿಂದ ಹೊರಟದ್ದು, ತೆಗೆದುಕೊಳ್ಳುವ ಪಾತ್ರೆಗೆ ಇನ್ನೂ ಸೇರದ್ದು. “ಬೀಳೋದನ್ನ ಹಿಡಿದು ನಿಲ್ಲಿಸಿಬಿಟ್ಯಲ್ಲೇ!” ಎಂದರು ಅತ್ತೆ, ತಾವೇ ಹಿಡಿದು ನಿಲ್ಲಿಸಿದ್ದೆಂಬುದನ್ನು ಸೌಜನ್ಯದಿಂದ ಮರೆತು. ಹೆಸರೂ ಸ್ಪಷ್ಟವಾಗಿ ಬಂದಿತ್ತು. ಒಂದು ನಿಮಿಷವೂ ತಡಮಾಡದೆ ಫ್ಲೆಕ್ಸ್ ಅಂಗಡಿಯ ನಸ್ರೀನ್‌ಗೂ ಸೆಲ್ವಿಗೂ ಕಳಿಸಿದೆ. ನನ್ನ ಸ್ಟೇಟಸ್ಸಿಗೂ ಏರಿಸಿದೆ. ಆ ಲೋಟವನ್ನು ಅತ್ತೆಯೂ ನಾನೂ ಪಾಲುಮಾಡಿಕೊಂಡು ಕುಡಿದು, ವಿಜಯೋತ್ಸವ ಆಚರಿಸಿ, ಕಟ್ಟೆ ಒರೆಸಿದೆವು. ಕಟ್ಟೆಗೆ ಇರುವೆಗಳೂ ಬಂದಿದ್ದವು, ಅಭಿನಂದಿಸಲು.

ಒಂದು ಗಂಟೆಗೆ ಊಟ ಮಾಡುತ್ತಿದ್ದೆವು. ಅತ್ತೆ ಮತ್ತೊಮ್ಮೆ ತಮ್ಮ ಹೆಸರು ನೋಡುವ ಆಸೆಯಿಂದ ಫೋನು ಕೇಳಿ ಪಡೆದು, ಚಿತ್ರವನ್ನು ದೊಡ್ಡದು ಮಾಡಿ, ಹತ್ತಿರ ಹಿಡಿದು, ದೂರ ಹಿಡಿದು ನೋಡಿದವರು ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು.

“ಶೋಭಾ, ಇದ್ಯಾವ ಕೈ?”

ನೋಡಿದೆ. ಸೆರಗು ಬಿದ್ದಿರುವ ಹೆಗಲಿನಿಂದಲೇ ಇಳಿದು ಬಂದಿತ್ತು ತಂಬಿಗೆ ಹಿಡಿದ ಕೈ. ಎಡಗೈ. ಯಾವಾಗ ಬದಲಾಯಿತೋ ನನಗೆ ತಿಳಿಯದು. ಸೂರ್ಯ ಹೋಗುತ್ತಾನೆಂಬ ಆತುರದಲ್ಲಿ, ಇಪ್ಪತ್ತಾರು ವರ್ಷ ಬಡಿಸದೆ ಸುಮ್ಮನಿದ್ದ ಕೈ ತಾನಾಗಿ ಮುಂದೆ ಬಂದುಬಿಟ್ಟಿತ್ತು. ಆ ಧಾರೆ ಅಲುಗದೆ ಇದ್ದದ್ದೂ ಅದಕ್ಕೇ.

ನೀವು ನಗಬಹುದು. ಆದರೆ ಯೋಚಿಸಿ, ನಾಳೆ ಬೆಳಿಗ್ಗೆ ಪೂಜೆ. ಅಂಗಡಿಯ ಹಣೆಯ ಮೇಲೆ ಮೂರಡಿ ಎತ್ತರಕ್ಕೆ ಎಡಗೈಯಿಂದ ಬಡಿಸುತ್ತಿರುವ ಹೆಂಗಸು. ನಮ್ಮ ಕಡೆ ಅಂಗಡಿಯವರು ಕೈಯಲ್ಲಿ ಬೇರೇನೋ ಇದ್ದು ಎಡಗೈಯಿಂದ ಸಾಮಾನು ಕೊಡಬೇಕಾಗಿ ಬಂದರೆ, ‘ಎಡಗೈ ಅಂತ ಬೇಜಾರು ಮಾಡ್ಕೋಬೇಡಿ’ ಎಂದೊಂದು ಮಾತು ಸೇರಿಸಿಯೇ ಕೊಡುತ್ತಾರೆ. ಆ ಮಾತಿನಿಂದ ಎಡಗೈ ಬಲಗೈಯಾಗುತ್ತದೆ. ಫೋಟೋದೊಳಗಿನ ಹೆಂಗಸು ಆ ಮಾತನ್ನು ಹೇಗೆ ಹೇಳಿಯಾಳು? ಇಪ್ಪತ್ತು ವರ್ಷ ಕಾದು ತೆರೆದ ಅಂಗಡಿಗೆ ಬಂದವರು, ಆ ದೊಡ್ಡಪ್ಪನವರಂತೆ, ಏನೂ ಹೇಳದೆ ಲೋಟದ ಮೇಲೆ ಅಂಗೈ ಮುಚ್ಚಿಬಿಟ್ಟರೆ? ವ್ಯಾಪಾರ ಕುದುರದೆ ಹೋದರೆ ಸೆಲ್ವಿ ಬಾಯಿಬಿಟ್ಟು ಏನೂ ಅನ್ನುವವಳಲ್ಲ. ಅನ್ನದೇ ಇರುವುದೇ ನನಗೆ ಭಯ.

ಕೈ ತೊಳೆದವಳೇ ನಸ್ರೀನ್‌ಗೆ ಫೋನ್ ಮಾಡಿದೆ. “ಪ್ರಿಂಟ್ ಆಯ್ತೇನಮ್ಮಾ?”

“ಇಲ್ಲ ಮೇಡಂ, ನಿಮ್ಮದೇ ಮುಂದಿನದು. ಯಾಕೆ?”

ಹೇಳಿದೆ. ಅವಳು ನಕ್ಕಳು. “ಅಷ್ಟೇನಾ? ಮಿರರ್ ಹೊಡೆದ್ರೆ ಆಯ್ತು ಮೇಡಂ, ಎಡ ಬಲ ಆಗುತ್ತೆ. ಎರಡು ಸೆಕೆಂಡು.”

ಎರಡು ಸೆಕೆಂಡಿನಲ್ಲಿ ನನ್ನ ಜನ್ಮದ ಸಮಸ್ಯೆ ಬಗೆಹರಿದು ಫೋನಿಗೆ ಬಂದಿತು. ಕೈ ಬಲಗೈಯಾಗಿತ್ತು, ನಿಜ. ಆದರೆ ಸೆರಗು ಬಲ ಹೆಗಲಿಗೆ ಹೋಗಿ ಕೂತಿತ್ತು, ಮತ್ತು ತಂಬಿಗೆಯ ಮೇಲಿನ ‘ಸಾವಿತ್ರಿ, ಹೊಳಲೂರು’ ಮೊಗಚಿಕೊಂಡು ಯಾವ ದೇಶದ ಲಿಪಿಯೂ ಅಲ್ಲದ್ದೇನೋ ಆಗಿತ್ತು. ಒಂದು ಕೈಯನ್ನು ಸರಿಮಾಡಹೋಗಿ ಉಳಿದ ನನ್ನನ್ನೆಲ್ಲ ತಪ್ಪು ಮಾಡಿದಂತಾಗಿತ್ತು.

ಸ್ಪೀಕರಿನಲ್ಲಿ ನಸ್ರೀನ್ ಸಮಾಧಾನ ಹೇಳಿದಳು. “ಸೆರಗು ಯಾರೂ ನೋಡಲ್ಲ ಬಿಡಿ ಮೇಡಂ, ಬಲಕ್ಕೆ ಸೆರಗು ಹಾಕೋ ಸೇಠ್‌ಜಿ ಮನೆಯವರು ಅಂದ್ಕೋತಾರೆ. ಆ ಪಾತ್ರೆ ಮೇಲಿನ ಹೆಸರನ್ನ ಅಳಿಸಿಬಿಡ್ತೀನಿ.”

ಅತ್ತೆ ಮೊಸರನ್ನದ ತಟ್ಟೆಯಿಂದ ತಲೆಯೆತ್ತಿದರು. “ಯಾರಮ್ಮ ಅದು ನನ್ನ ಹೆಸರು ಅಳಿಸೋದು? ನಾನಿನ್ನೂ ಗಟ್ಟಿಮುಟ್ಟಾಗಿದೀನಿ!”

“ಅಯ್ಯೋ, ನಿಮ್ಮದಾ ಅಜ್ಜಿ? ಸಾರಿ ಅಜ್ಜಿ. ಆದ್ರೆ ಎರಡರೊಳಗೆ ಹೇಳಿಬಿಡಿ, ಮಷೀನ್ ಖಾಲಿ ಬಿಡೋಕಾಗಲ್ಲ.”

ಮತ್ತೆ ತೆಗೆಯೋಣವೆಂದರೆ ಬೆಳಕಿಲ್ಲ. ಬಾಟಲಿನ ತಳದಲ್ಲಿ ಒಂದೆರಡು ಲೋಟಕ್ಕಾಗುವಷ್ಟೇ ಪಾಕ. ನಿರ್ಧಾರ ನನ್ನದಲ್ಲ, ಅಂಗಡಿಯವಳದು ಎಂದು ಎರಡೂ ಚಿತ್ರಗಳನ್ನು ಸೆಲ್ವಿಗೆ ಕಳಿಸಿ, ಕೆಳಗೆ ಬರೆದೆ: ‘ತಪ್ಪಾಗಿದೆ ಕಣೇ. ಮೊದಲನೆಯದು ಎಡಗೈ. ನಾನು ನೋಡಿಕೊಳ್ಳಲಿಲ್ಲ. ಎರಡೂ ಬೇಡವೆಂದರೆ ಆ ಛತ್ರಿಯನ್ನೇ ಹಾಕಿಸು. ನನ್ನ ಮೇಲೆ ಸಿಟ್ಟಾಗಬೇಡ.’

ನೀಲಿ ಗೆರೆ ಎರಡೂ ಬಿದ್ದವು. ಉತ್ತರ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಒಂದು ಇಪ್ಪತ್ತು. ಒಂದೂವರೆ. ಪಾತ್ರೆ ತೊಳೆದೆ; ತೊಳೆದಿದ್ದನ್ನೇ ಮತ್ತೆ ತೊಳೆದೆ. ಅತ್ತೆ ಮಧ್ಯಾಹ್ನದ ನಿದ್ದೆ ಬಿಟ್ಟು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಯಾರಿಗೋ ಎಂಬಂತೆ, “ಅವತ್ತು ಆ ದೊಡ್ಡಪ್ಪ ಮಜ್ಜಿಗೆ ಇಲ್ಲದೇ ಎದ್ದಿದ್ರೂ ಏನೂ ಆಗ್ತಿರ್ಲಿಲ್ಲ. ನಾನೇ ಸ್ವಲ್ಪ ಆತುರ ಬಿದ್ದೆ ಅನ್ಸುತ್ತೆ” ಎಂದರು. ಇಪ್ಪತ್ತಾರು ವರ್ಷದಲ್ಲಿ ಅವರು ಆ ಪ್ರಸಂಗ ಎತ್ತಿದ್ದು ಅದೇ ಮೊದಲು. “ಕಾಫಿ ಮಾಡ್ಲಾ ಅತ್ತೆ?” ಎಂದೆ.

ಎರಡಕ್ಕೆ ಹತ್ತು ನಿಮಿಷವಿರುವಾಗ ಸೆಲ್ವಿಯ ಧ್ವನಿಸಂದೇಶ ಬಂತು. ಹಿಂದೆ ಸುತ್ತಿಗೆಯ ಸದ್ದು, ಯಾರದೋ ತಮಿಳು ಕೂಗಾಟ.

“ಏ ಲೂಸು, ಸ್ಟೂಲ್ ಮೇಲೆ ನಿಂತು ತೋರಣ ಕಟ್ತಿದ್ದೆ, ಒಂದು ಕೈಲಿ ಮೊಳೆ, ಒಂದು ಕೈಲಿ ಮಾವಿನ ಸೊಪ್ಪು, ನಿನ್ನ ಫೋನ್ ಯಾವ ಕೈಲಿ ಎತ್ಲಿ? ಬೆಳಿಗ್ಗೆನೇ ನೋಡಿದೆ ಫೋಟೋನ. ಎಡಗೈ ಅಂತ ನಂಗೆ ಕಾಣ್ಲೇ ಇಲ್ಲ ಕಣೇ, ಶೋಭಿ ಕೈ ಅಂತ ಕಾಣ್ತು. ಆ ಎರಡನೇದು ಯಾರೇ ಅದು? ಗುರುತೇ ಸಿಗಲ್ಲ. ಅವಳನ್ನ ನನ್ನ ಅಂಗಡಿ ಮೇಲೆ ಹಾಕಲ್ಲ. ಇಪ್ಪತ್ತು ವರ್ಷ ಕ್ಯಾಂಟೀನಲ್ಲಿ ರಶ್ ಟೈಮಲ್ಲಿ ಎರಡು ಕೈಲೂ ಸುರಿದಿದೀನಿ. ಬಾಯಾರಿದೋನು ಕೈ ನೋಡಲ್ಲ ಕಣೇ, ಲೋಟ ನೋಡ್ತಾನೆ. ನಸ್ರೀನ್‌ಗೆ ಹೇಳಿದೀನಿ, ಮೊದಲನೇದೇ. ಇಡ್ತೀನಿ, ಮೊಳೆ ಬೀಳ್ತಿದೆ.”

ಎರಡು ಸಲ ಕೇಳಿದೆವು. ಅತ್ತೆ ಮೂರನೆಯ ಸಲ ಹಾಕು ಎಂದರು. ಮುಗಿದ ಮೇಲೆ, ‘ಸರಿ ಬಿಡು, ಹೆಸರು ನೆಟ್ಟಗಿರುತ್ತೆ’ ಎಂದಷ್ಟೇ ಹೇಳಿ ಮಲಗಲು ಹೋದರು. ನಾನು ಅಡುಗೆಮನೆಯ ಕಿಟಕಿಯ ಬಳಿ ನನ್ನೆರಡು ಕೈಗಳನ್ನೂ ಮುಂದೆ ಚಾಚಿ ಸ್ವಲ್ಪ ಹೊತ್ತು ನೋಡುತ್ತ ನಿಂತೆ. ನೋಡಲು ಎರಡೂ ಒಂದೇ ಥರ ಇದ್ದವು.

ಐದು ಗಂಟೆಗೆ ಫ್ಲೆಕ್ಸ್ ಕಟ್ಟಿದ ಅಂಗಡಿಯ ಚಿತ್ರ ಬಂತು. ಬೋರ್ಡಿನ ಕೆಳಗೆ ಸೆಲ್ವಿ, ಸೊಂಟದ ಮೇಲೆ ಎರಡೂ ಕೈಯಿಟ್ಟುಕೊಂಡು, ಯಾರನ್ನಾದರೂ ಎದುರಿಸುವವಳಂತೆ ನಿಂತಿದ್ದಳು. ಅವಳ ತಲೆಯ ಮೇಲೆ ನನ್ನ ಕೈ ಸುರಿಯುತ್ತಿತ್ತು. ಸುಟ್ಟ ಕಲೆಗಳ ಆ ಮೊಣಕೈಗಳನ್ನು ಅವಳು ಮುಚ್ಚಿಕೊಂಡಿರಲಿಲ್ಲ.

ಅದನ್ನೇ ನೋಡುತ್ತಿದ್ದಾಗ ಗೌರಕ್ಕ ಬಂದರು. ನಾವು ಈ ಮನೆ ಕಟ್ಟಿಕೊಂಡು ಬಂದ ಹನ್ನೆರಡು ವರ್ಷಗಳಿಂದಲೂ ಸಂಜೆ ಐದೂವರೆಗೆ, ತೋಟದಿಂದ ಬಂದ ನುಗ್ಗೆಕಾಯಿಯನ್ನೋ ಬೀದಿಯ ಸುದ್ದಿಯನ್ನೋ ತಂದು ನಮ್ಮ ಜಗುಲಿಯ ಮೇಲೆ ಕೂರುವುದು ಅವರ ಪದ್ಧತಿ. ಅವರಿಗೂ ರುಚಿ ತೋರಿಸೋಣವೆಂದು ಒಳಗೆ ಹೋಗಿ, ಉಳಿದ ಪಾಕಕ್ಕೆ ನೀರು ನಿಂಬೆ ಬೆರೆಸಿ ಲೋಟಕ್ಕೆ ಸುರಿದೆ. ಇಷ್ಟೆಲ್ಲ ಆದ ಮೇಲೂ ತಂಬಿಗೆ ಹಿಡಿದದ್ದು ಬಲಗೈಯೇ. ಅಂಚು ಹತ್ತಿರ ಬರುತ್ತಿದ್ದಂತೆ ಅದಕ್ಕೆ ಎಂದಿನ ನಡುಕ ಹುಟ್ಟಿತು, ಎಂದಿನಂತೆ ಎರಡು ಬೆರಳು ಕೆಳಗೇ ನಿಲ್ಲಿಸಿ, ತಂದು ಅವರ ಮುಂದಿಟ್ಟೆ.

ಗೌರಕ್ಕ ತಮ್ಮ ಫೋನಿನಲ್ಲಿ ನನ್ನ ಸ್ಟೇಟಸ್ ತೆರೆದುಕೊಂಡು ಕೂತಿದ್ದರು. ಫೋಟೋ ನೋಡಿದರು, ಲೋಟ ನೋಡಿದರು, ಒಂದು ಗುಟುಕು ಕುಡಿದರು.

“ಚೆನ್ನಾಗಿದೆ ಮಾರಾಯ್ತಿ” ಎಂದರು ಬಾಯಿ ಒರೆಸಿಕೊಳ್ಳುತ್ತ. “ಫೋಟೋದಲ್ಲಿ ಕಂಠಮಟ್ಟ ತುಂಬಿಸಿದೀರಲ್ಲ! ಇಷ್ಟು ವರ್ಷ ನಾನು, ನಿಮ್ಮ ಕಡೆಯೋರಲ್ಲಿ ಮುಕ್ಕಾಲು ಲೋಟ ಕೊಡೋದೇ ಶಾಸ್ತ್ರ ಅಂದ್ಕೊಂಡಿದ್ದೆ.”